ಎರಡನೆಯ ಸಲ ಶಿಷ್ಯನಾದ ಗಾಯಕ

ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಭಕ್ತನ ಒಡಲೇ ವೀಣೆಯಾಗುತ್ತದೆ. ತಲೆ ಅದರ ಬುರುಡೆಯೂ ನರಗಳು ಅದರ ತಂತಿಗಳೂ ಆಗಿ ನುಡಿಸುವವನ ಕೈಗೆ ಒಪ್ಪಿಕೊಳ್ಳುತ್ತವೆ. ಇದನ್ನು ರೂಪಕವೆಂದು ವಿವರಿಸಿ ಮುಂದೆ ಸಾಗುವುದು ತರಗತಿಯ ವಾಡಿಕೆ. ಆದರೆ ವಾದ್ಯವನ್ನು ನುಡಿಸುವ ಮೊದಲು ಪ್ರತಿಸಲವೂ ಶ್ರುತಿಗೆ ತರಬೇಕು. ಒಮ್ಮೆ ಶ್ರುತಿಗೂಡಿದ ತಂತಿ ಮರುದಿನ ಹಾಗೆಯೇ ಇರುವುದಿಲ್ಲ. ಈ ನಿತ್ಯದ ದುಡಿಮೆಯನ್ನು ಗಮನಿಸದೆ ಸಂಗೀತವನ್ನು ಅಧ್ಯಾತ್ಮವೆಂದು ಕೊಂಡಾಡುವುದು ಸುಲಭ. ಮಲ್ಲಿಕಾರ್ಜುನ ಮನ್ಸೂರರ ಬದುಕನ್ನು ಓದುವಾಗ ಆ ಸುಲಭದ ದಾರಿ ಮುಚ್ಚಿಹೋಗುತ್ತದೆ.

1910ರಲ್ಲಿ ಧಾರವಾಡದ ಸಮೀಪದ ಮನಸೂರಿನಲ್ಲಿ ಹುಟ್ಟಿದ ಅವರು ಎಳವೆಯಲ್ಲಿಯೇ ನಾಟಕ ಕಂಪನಿ ಸೇರಿದರು. ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಶಿಕ್ಷಣ ಪಡೆದರು. 1930ರ ದಶಕದಲ್ಲಿ ಎಚ್‌ಎಂವಿ ಧ್ವನಿಮುದ್ರಿಕೆಗಳು ಅವರ ಹೆಸರನ್ನು ನಾಡಿನಾಚೆಗೂ ಒಯ್ದವು. ಮೂರು ನಿಮಿಷಗಳ ತಟ್ಟೆಯಲ್ಲಿ ರಾಗವೊಂದನ್ನು ಹೊಳೆಯಿಸಬಲ್ಲ ಗಾಯಕನಿಗೆ ಇನ್ನೇನು ಕಲಿಯುವುದಿದೆ ಎಂದು ಯಾರಾದರೂ ಕೇಳಬಹುದಾಗಿತ್ತು.

ಆ ಹೊತ್ತಿನಲ್ಲಿಯೇ ಅವರು ಮತ್ತೆ ಶಿಷ್ಯರಾದರು. ಜೈಪುರ-ಅತ್ರೌಲಿ ಘರಾಣೆಯ ಪ್ರವರ್ತಕ ಅಲ್ಲಾದಿಯಾ ಖಾನರ ಮಗ ಮಂಜೀ ಖಾನರ ಎದುರು ಕುಳಿತರು. ಲಿಂಗಾಯತ ಮನೆತನದ ಗಾಯಕನಿಗೆ ಮುಸ್ಲಿಂ ಉಸ್ತಾದ ಗುರುವಾದದ್ದನ್ನು ಇಂದು ಭಾಷಣಗಳಲ್ಲಿ ಉದಾಹರಿಸುವುದುಂಟು. ಅಂದಿನ ಹಿಂದೂಸ್ತಾನಿ ಸಂಗೀತಲೋಕದಲ್ಲಿ ಅದು ತೀರ ಸಹಜವಾದ ಸಂಗತಿ. ಅದಕ್ಕಿಂತ ಕಠಿನವಾದದ್ದು ಬೇರೆಯದಿತ್ತು. ಗಂಟಲಲ್ಲಿ ನೆಲೆನಿಂತ ಒಂದು ನಡೆಯನ್ನು ಬಿಟ್ಟು ಇನ್ನೊಂದನ್ನು ಕೂಡಿಸಿಕೊಳ್ಳಬೇಕಿತ್ತು. ಜೈಪುರ ಗಾಯನದಲ್ಲಿ ಸ್ವರವು ಲಯದಿಂದ ಬೇರೆಯಾಗಿ ನಿಲ್ಲುವುದೇ ಇಲ್ಲ. ಆಕಾರದಲ್ಲಿ ಹರಿಯುವ ಆಲಾಪವೂ ತಾಳದ ಒಳನಡೆಯನ್ನು ಹಿಡಿದೇ ಸಾಗುತ್ತದೆ. ತಾನುಗಳು ನೇರ ಏರಿಳಿಯದೆ ಸುತ್ತಿ ಬಳಸಿ ಬಂದು ಸಮದ ಮೇಲೆ ಇಳಿಯುತ್ತವೆ. ಎರಡು ರಾಗಗಳು ಬೆರೆತ ಜೋಡರಾಗಗಳಲ್ಲಿ ಒಂದರ ಛಾಯೆಯಿಂದ ಇನ್ನೊಂದಕ್ಕೆ ದಾಟುವಾಗ ಹೊಲಿಗೆ ಕಾಣಬಾರದು. ಹಾಡುವವನ ಮನಸ್ಸು ಒಂದು ಕ್ಷಣ ಬೇರೆಡೆ ಹೋದರೂ ರಾಗ ಕೆಡುತ್ತದೆ. ಏಕಾಗ್ರತೆಯ ಬಗ್ಗೆ ಎಷ್ಟೇ ಉಪದೇಶ ಕೇಳಿದರೂ ಇಷ್ಟು ಖಚಿತವಾದ ಪರೀಕ್ಷೆ ಸಿಕ್ಕುವುದು ಅಪರೂಪ.

1937ರಲ್ಲಿ ಮಂಜೀ ಖಾನರು ತೀರಿಕೊಂಡರು. ಪಾಠ ಆರಂಭವಾಗಿ ಬಹಳ ಕಾಲ ಕಳೆದಿರಲಿಲ್ಲ. ಹಳೆಯ ಶೈಲಿಗೆ ಮರಳಿದ್ದರೂ ಕೀರ್ತಿಗೆ ಕುಂದಾಗುತ್ತಿರಲಿಲ್ಲ. ಮನ್ಸೂರರು ಮಂಜೀ ಖಾನರ ತಮ್ಮ ಭೂರ್ಜೀ ಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು.

ಮುಂದಿನ ದಶಕಗಳು ಮೌನದವೆಂದು ಹೇಳಲಾಗದು; ಧಾರವಾಡದಲ್ಲಿದ್ದು ಅವರು ಹಾಡುತ್ತಲೇ ಇದ್ದರು. ಆದರೆ ದೇಶದ ಮನ್ನಣೆ ನಿಧಾನವಾಗಿ ಬಂತು. ಪದ್ಮಶ್ರೀ ದೊರೆತಾಗ ಅವರಿಗೆ ಅರವತ್ತು ಸಮೀಪಿಸಿತ್ತು. ಆ ಹೊತ್ತಿಗೆ ಖಟ್, ಬಿಹಾರಿ, ಶುದ್ಧ ನಟ್, ಲಾಚಾರಿ ತೋಡಿಗಳಂಥ ವಿರಳ ರಾಗಗಳು ಅವರ ಕಂಠದಲ್ಲಿ ಮನೆಯ ಮಾತಿನಷ್ಟು ಸಲೀಸಾಗಿದ್ದವು. ಕೇಳುಗನನ್ನು ಬೆರಗುಗೊಳಿಸುವ ಆತುರ ಆ ಗಾಯನದಲ್ಲಿ ಕಾಣದು. ಪೀಠಿಕೆಯನ್ನು ಬೆಳೆಸದೆ ಅವರು ನೇರವಾಗಿ ರಾಗದ ನಡುಮನೆಗೆ ಹೋಗುತ್ತಾರೆ.

ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರಿಗಿದ್ದ ಭಕ್ತಿ ಪ್ರಸಿದ್ಧ. ಮನೆಗೂ ‘ಮೃತ್ಯುಂಜಯ’ ಎಂದೇ ಹೆಸರು. ಬಸವಣ್ಣ, ಅಕ್ಕಮಹಾದೇವಿಯರ ವಚನಗಳನ್ನು ಅವರು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದರು. ಅವರ ಅಧ್ಯಾತ್ಮವನ್ನು ಈ ವಚನಗಾಯನದಲ್ಲಿ ಮಾತ್ರ ಹುಡುಕುವ ರೂಢಿಯಿದೆ. ಸಾಹಿತ್ಯದ ವಿದ್ಯಾರ್ಥಿಗೆ ಪದವೇ ಮೊದಲು ಕೇಳಿಸುವುದರಿಂದ ಅದು ಅರ್ಥವಾಗುವ ಮಾತೇ. ಆದರೂ ಖಯಾಲಿನ ಬಂದಿಶ್ ಶೃಂಗಾರದ್ದಾಗಿರಲಿ, ಮಳೆಗಾಲದ ವರ್ಣನೆಯಾಗಿರಲಿ, ಹಾಡುವ ಚಿತ್ತದ ತನ್ಮಯತೆಯಲ್ಲಿ ವ್ಯತ್ಯಾಸ ಕೇಳಿಸದು. ವಚನಕ್ಕೆ ಒದಗಿದ ಆ ಸ್ತಿಮಿತತೆ ಅರ್ಥವಿಲ್ಲದ ಆಕಾರಗಳಲ್ಲಿ, ಇಬ್ಬರು ಸೋದರ ಉಸ್ತಾದರ ಮುಂದೆ ಹದಗೊಂಡದ್ದು.

1992ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ತಮ್ಮ ಆತ್ಮಕಥನಕ್ಕೆ ಅವರು ಇಟ್ಟ ಹೆಸರು ‘ನನ್ನ ರಸಯಾತ್ರೆ’.