ಬೇಕರಿಯ ಬನ್ನು, ಮನೆಯ ಚಹಾ

ಕಳೆದ ಚಳಿಗಾಲದ ಒಂದು ಭಾನುವಾರ. ಅಸರ್ ನಮಾಝ್‌ಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಇಂಗ್ಲೆಂಡಿನಲ್ಲಿರುವ ಮಗಳು ವೀಡಿಯೋ ಕರೆ ಮಾಡಿದಳು. ನಮ್ಮ ತರೀಕೆರೆಯಲ್ಲಿ ಸಂಜೆ ನಾಲ್ಕು ಗಂಟೆಯಾದರೆ ಅವಳಿಗೆ ಬೆಳಗಿನ ಹತ್ತೂವರೆ. ಮಾತನಾಡುತ್ತಿದ್ದಂತೆ ಅವಳ ಹಿಂದೆ ಅಡುಗೆ ಕಟ್ಟೆಯ ಮೇಲಿದ್ದ ಒಂದು ಪೊಟ್ಟಣ ನನ್ನ ಕಣ್ಣಿಗೆ ಬಿತ್ತು. ನಾನು ಅದನ್ನೇ ನೋಡುತ್ತಿರುವುದು ತಿಳಿದ ಕೂಡಲೇ ಅವಳು ಅದರ ಮೇಲೆ ಒಂದು ಬಟ್ಟೆ ಎಳೆದಳು.

"ಅದೇನೇ ಅದು?" ಎಂದೆ.

"ಏನಿಲ್ಲ ಅಮ್ಮೀ, ಸ್ಕೋನ್. ಅಂಗಡಿಯಿಂದ ತಂದದ್ದು. ಈ ವಾರವೆಲ್ಲ ನೈಟ್ ಡ್ಯೂಟಿ ಇತ್ತು. ಮನೆಯಲ್ಲಿ ಏನೂ ಮಾಡೋಕೆ ಆಗಲಿಲ್ಲ..."

ಅವಳ ದನಿಯಲ್ಲಿ ಕಳ್ಳತನ ಸಿಕ್ಕಿಬಿದ್ದವರ ಅಳುಕಿತ್ತು. ಆಸ್ಪತ್ರೆಯಲ್ಲಿ ರಾತ್ರಿಯಿಡೀ ರೋಗಿಗಳ ಆರೈಕೆ ಮಾಡಿ ಬಂದ ಹೆಣ್ಣುಮಗಳು, ತನ್ನ ದುಡಿಮೆಯ ಹಣದಲ್ಲಿ ತಂದ ತಿಂಡಿಯನ್ನು ತಾಯಿಯಿಂದ ಬಚ್ಚಿಡುತ್ತಿದ್ದಳು! ಫೋನ್ ಇಟ್ಟ ಮೇಲೂ ಆ ಬಟ್ಟೆ ಎಳೆದ ಕೈ ನನ್ನ ಕಣ್ಣ ಮುಂದೆಯೇ ಇತ್ತು. ಈ ನಾಚಿಕೆ ಅವಳಿಗೆ ಎಲ್ಲಿಂದ ಬಂತು? ಯೋಚಿಸಿದಷ್ಟೂ ಉತ್ತರ ನನ್ನ ಕಡೆಗೇ ಬೆರಳು ತೋರಿಸುತ್ತಿತ್ತು.

1993ರಲ್ಲಿ ನಾನು ಸೊಸೆಯಾಗಿ ಈ ಊರಿಗೆ ಬಂದೆ. ಅತ್ತೆ ಅಜ್ಜಂಪುರದವರು. ಕೈರುಚಿಗೆ ಹೆಸರಾದವರು. ಸಂಜೆಯ ಚಹಾದ ಜೊತೆ ಮನೆಯಲ್ಲೇ ಮಾಡಿದ ಏನಾದರೊಂದು ಇರಲೇಬೇಕು. ಒಂದು ದಿನ ನನಗೆ ಜ್ವರ. ಅತ್ತೆ ಊರಿನಲ್ಲಿರಲಿಲ್ಲ. ಆಗಲೇ ಬೀರೂರಿನಿಂದ ನೆಂಟರು ಹೇಳದೆ ಕೇಳದೆ ಬಂದಿಳಿದರು. ನಾನು ನನ್ನವರನ್ನು ಬಿ.ಎಚ್. ರಸ್ತೆಗೆ ಕಳಿಸಿ ಬೇಕರಿಯಿಂದ ಸಿಹಿ ಬನ್ನು ತರಿಸಿ, ಚಹಾದ ಜೊತೆ ಕೊಟ್ಟೆ. ಅವರು ನಗುನಗುತ್ತಲೇ ತಿಂದರು. ಆದರೆ ವಾರದೊಳಗೆ ಮಾತು ತಿರುಗಿ ಬಂತು. "ಹೊಸ ಸೊಸೆ ಬೇಕರಿ ಬನ್ನು ಕೊಟ್ಟು ಕಳಿಸಿದಳು."

ಅತ್ತೆ ಬೈಯಲಿಲ್ಲ. "ಒಲೆ ಇರುವ ಮನೆಗೆ ಅಂಗಡಿಯ ತಿಂಡಿ ಯಾಕೆ ಬೇಟಿ?" ಎಂದಷ್ಟೇ ಹೇಳಿದರು. ಆ ಒಂದು ಮಾತು ಸಾಕಾಯಿತು. ಅಂದಿನಿಂದ ಸಮೋಸ, ಗುಲ್ಗುಲೆ, ನಿಪ್ಪಟ್ಟು, ಚಕ್ಕುಲಿ ಎಲ್ಲವೂ ನನ್ನ ಕೈಯಿಂದಲೇ. ಮಕ್ಕಳು ಹಟ ಮಾಡಿದರೆ "ಬೇಕರಿಯದು ತಿನ್ನುವವರು ಸೋಮಾರಿಗಳ ಮನೆಯವರು" ಎಂದು ನಾನೇ ಹೇಳಿದ್ದೂ ಉಂಟು. ಎಲ್ಲರಿಗೂ ಬಿಸಿಬಿಸಿ ಬಡಿಸಿ, ಬಾಣಲೆ ತೊಳೆದು, ಕೊನೆಗೆ ಆರಿಹೋದ ಚಹಾವನ್ನು ನಿಂತಲ್ಲೇ ಕುಡಿಯುವುದು ನನ್ನ ಪಾಲಿಗೆ ರೂಢಿಯಾಯಿತು. ಸಹೋದರಿಯರೇ, ನಿಮ್ಮಲ್ಲಿ ಎಷ್ಟು ಮಂದಿಗೆ ಆ ಆರಿದ ಚಹಾದ ರುಚಿ ಗೊತ್ತಿಲ್ಲ ಹೇಳಿ?

2009ರ ಮಳೆಗಾಲ. ಅತ್ತೆ ಹಾಸಿಗೆ ಹಿಡಿದಿದ್ದರು. ಹಲ್ಲುಗಳೆಲ್ಲ ಹೋಗಿದ್ದವು. ಏನು ಮಾಡಿಕೊಟ್ಟರೂ ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದರು. ಒಂದು ಸಂಜೆ ಮನೆಯಲ್ಲಿ ನಾವಿಬ್ಬರೇ ಇದ್ದಾಗ ನನ್ನನ್ನು ಹತ್ತಿರ ಕರೆದು, ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ ಕೇಳಿದರು: "ಬೇಕರಿಯಲ್ಲಿ ಆ ಸಿಹಿ ಬನ್ನು ಈಗಲೂ ಸಿಗುತ್ತಾ?"

ಕೊಡೆ ಹಿಡಿದು ನಾನೇ ಹೋಗಿ ತಂದೆ. ತವಾದ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಎರಡು ಹೋಳು ಮಾಡಿ, ಹಾಲಿನ ಕೆನೆ ಸವರಿ ಮೇಲೆ ಚಿಟಿಕೆ ಸಕ್ಕರೆ ಉದುರಿಸಿದೆ. ಅತ್ತೆ ಬಿಸ್ಮಿಲ್ಲಾಹ್ ಹೇಳಿ ಒಂದೊಂದೇ ಚೂರನ್ನು ಚಹಾದಲ್ಲಿ ಅದ್ದಿ ತಿಂದರು. ಇಡೀ ಬನ್ನು ಮುಗಿಯಿತು. "ನೀನೂ ಕೂತುಕೋ" ಎಂದರು. ಕೂತೆ. ಮಾಡಲು ಒಲೆಯ ಮೇಲೆ ಏನೂ ಇರಲಿಲ್ಲವಲ್ಲ! ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಎದುರುಬದುರು ಕೂತು ಚಹಾ ಕುಡಿದದ್ದು ಅದೇ ಮೊದಲು.

ಅತ್ತೆ ಆಗ ಹೇಳಿದ ಮಾತು ಇದು. "ನನ್ನ ಅತ್ತೆ ನನಗೆ ಹೇಳಿದ್ದನ್ನೇ ನಾನು ನಿನಗೆ ಹೇಳಿದೆ ಬೇಟಿ. ಅವರಿಗೂ ಯಾರೋ ಹೇಳಿರಬೇಕು. ನನಗೂ ಆಗ ಈ ಬನ್ನು ತಿನ್ನುವ ಆಸೆ ಬಹಳ ಇತ್ತು." ಆ ವರ್ಷದ ಕೊನೆಯಲ್ಲಿ ಅವರು ಅಲ್ಲಾಹನ ಕರೆಗೆ ಓಗೊಟ್ಟು ಹೊರಟುಹೋದರು. ಆದರೆ ನೋಡಿ, ಆ ಮಾತನ್ನು ನಾನು ನನ್ನ ಮಗಳಿಗೆ ದಾಟಿಸಲೇ ಇಲ್ಲ. ಹಳೆಯ ಮಾತು ಮಾತ್ರ ಅವಳ ಜೊತೆ ಸಮುದ್ರ ದಾಟಿ ಹೋಗಿತ್ತು.

ಬೇಕರಿಯ ಒಲೆ ನಮ್ಮ ಮನೆಗಳಿಗೆ ಎಂದೂ ಹೊರಗಿನದಾಗಿರಲಿಲ್ಲ. ಈದ್ ಹತ್ತಿರ ಬಂದಾಗ ಮೈದಾ, ಸಕ್ಕರೆ, ತುಪ್ಪ ಒಯ್ದು ಬೇಕರಿಯ ಭಟ್ಟಿಯಲ್ಲಿ ನಾನ್ ಖಟಾಯಿ ಬೇಯಿಸಿಕೊಂಡು ಬರುವ ವಾಡಿಕೆ ನಮ್ಮವರಲ್ಲಿ ಎಷ್ಟೋ ಊರುಗಳಲ್ಲಿದೆ. ಕರ್ನಾಟಕದ ಊರೂರಿನಲ್ಲಿ ಕಾಣುವ ಅಯ್ಯಂಗಾರ್ ಬೇಕರಿಗಳ ಕಥೆಯೂ ಹಳೆಯದು. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಾಸನ ಕಡೆಯಿಂದ ಬಂದ ತಿರುಮಲಾಚಾರ್ ಅವರು ಆರಂಭಿಸಿದ ಅಂಗಡಿಯಿಂದ ಅದು ಶುರುವಾಯಿತೆನ್ನುತ್ತಾರೆ. ಅಂದಿನಿಂದ ಎಷ್ಟು ಮನೆಗಳ ಸಂಜೆಯ ಚಹಾಕ್ಕೆ ಅಲ್ಲಿಯ ಬನ್ನು, ರಸ್ಕು, ಬೆಣ್ಣೆ ಬಿಸ್ಕತ್ತು ಜೊತೆಯಾಗಿವೆಯೋ! ಬೆಳಗಿನ ಬನ್ನಿಗಾಗಿ ಯಾರೋ ರಾತ್ರಿ ನಿದ್ದೆಗೆಟ್ಟು ಹಿಟ್ಟು ನಾದಿರುತ್ತಾರೆ. ಅದೂ ಕೈಯ ದುಡಿಮೆಯೇ ಅಲ್ಲವೇ?

ಮರುದಿನ ನಾನೇ ಮಗಳಿಗೆ ಕರೆ ಮಾಡಿದೆ. "ನಿನ್ನ ಆ ಸ್ಕೋನ್ ತೋರಿಸು" ಎಂದೆ. ಅವಳಿಗೆ ಆಶ್ಚರ್ಯ. ನೋಡಲು ನಮ್ಮ ಬನ್ನಿನ ಚಿಕ್ಕ ತಂಗಿಯಂತಿತ್ತು. ಬನ್ನಿಗೆ ಈಸ್ಟ್ ಹಾಕಿ ಹಿಟ್ಟು ಉಬ್ಬಲು ಬಿಡಬೇಕು. ಸ್ಕೋನಿಗೆ ಆ ಕಾಯುವಿಕೆ ಇಲ್ಲ. ಮೈದಾಕ್ಕೆ ಬೇಕಿಂಗ್ ಪೌಡರ್, ಬೆಣ್ಣೆ, ಹಾಲು, ಸ್ವಲ್ಪ ಸಕ್ಕರೆ ಸೇರಿಸಿ ಕೂಡಲೇ ಬೇಯಿಸುತ್ತಾರೆ. ಕೆಲವದರಲ್ಲಿ ಒಣದ್ರಾಕ್ಷಿಯೂ ಇರುತ್ತದೆ. ಬಿಸಿ ಮಾಡಿ, ಅಡ್ಡಕ್ಕೆ ಎರಡು ಹೋಳು ಮಾಡಿ, ಜಾಮ್ ಮತ್ತು ಗಟ್ಟಿ ಕೆನೆ ಹಚ್ಚಿ ಚಹಾದ ಜೊತೆ ತಿನ್ನುವುದು ಅಲ್ಲಿಯವರ ಕ್ರಮ. ಆ ಕೆನೆಯನ್ನೂ ನಮ್ಮ ಹಾಗೆಯೇ ಹಾಲನ್ನು ನಿಧಾನವಾಗಿ ಕಾಯಿಸಿ, ತಣಿಸಿ ತೆಗೆಯುತ್ತಾರಂತೆ. ಡೆವನ್ ಪ್ರಾಂತದವರು ಮೊದಲು ಕೆನೆ, ಮೇಲೆ ಜಾಮ್ ಎನ್ನುತ್ತಾರೆ. ಪಕ್ಕದ ಕಾರ್ನ್‌ವಾಲ್‌ನವರು ಮೊದಲು ಜಾಮ್ ಎಂದು ವಾದಿಸುತ್ತಾರೆ. ಅತ್ತೆ ಸೊಸೆಯರ ಜಗಳ ಎಲ್ಲ ಕಡೆಯೂ ಇದೆ ಎಂದು ಇಬ್ಬರೂ ನಕ್ಕೆವು.

ತಾಯಿಯಾಗಿ ಒಂದೆರಡು ಬುದ್ಧಿಮಾತು ಹೇಳದೆ ಇರಲಾಗಲಿಲ್ಲ. ಹೊರದೇಶದಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲಿನ ಬರಹ ಓದಬೇಕು. ಇ-471 ಎಂದು ನಮೂದಿಸುವ ಪದಾರ್ಥ ಸಸ್ಯದ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಸಸ್ಯಾಹಾರಿಗಳಿಗೆ ಯೋಗ್ಯ ಎಂಬ ಗುರುತಿದ್ದರೆ ಕೊಬ್ಬಿನ ಚಿಂತೆ ಇಲ್ಲ. ಮಗಳು ನಕ್ಕು, "ಅದನ್ನೆಲ್ಲ ನೋಡಿಯೇ ತರೋದು ಅಮ್ಮೀ" ಎಂದಳು.

ಅವಳಿಂದ ನಾನು ಕಲಿತದ್ದೂ ಇದೆ. ಉಳಿದ ಬನ್ನು, ಬ್ರೆಡ್ಡನ್ನು ನಾನು ಫ್ರಿಜ್ಜಿನಲ್ಲಿಡುತ್ತಿದ್ದೆ. ಅಲ್ಲಿನ ತಂಪಿನಲ್ಲಿ ಹಿಟ್ಟಿನ ಪಿಷ್ಟ ಇನ್ನೂ ಬೇಗ ಗಟ್ಟಿಯಾಗುತ್ತದಂತೆ. ಒಂದೆರಡು ದಿನಕ್ಕಾದರೆ ಗಾಳಿಯಾಡದ ಡಬ್ಬಿ ಸಾಕು. ಹೆಚ್ಚು ದಿನ ಇಡಬೇಕಾದರೆ ಮೇಲಿನ ಫ್ರೀಝರ್‌ನಲ್ಲಿಡಬೇಕು. ಗಡುಸಾದ ಬನ್ನಿಗೆ ನಾಲ್ಕು ಹನಿ ನೀರು ಚಿಮುಕಿಸಿ, ತವಾದ ಮೇಲೆ ಮುಚ್ಚಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಆದರೆ ಬಿಸಿ ಇರುವಾಗಲೇ ತಿನ್ನಬೇಕು. ಆರಿದರೆ ಮತ್ತೆ ಗಟ್ಟಿ. ಅಂದರೆ ಬಿಸಿ ಮಾಡಿದವಳೂ ಎಲ್ಲರ ಜೊತೆಗೇ ಕೂರಬೇಕು!

ಮನೆ ಅಡುಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಮೈದಾ, ಸಕ್ಕರೆ ದಿನವೂ ಒಳ್ಳೆಯದಲ್ಲ. ನನ್ನವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರಿಗೆ ಅರ್ಧ ಬನ್ನು, ಸಕ್ಕರೆಯಿಲ್ಲದ ಚಹಾ. ಗುಲ್ಗುಲೆ, ಸಮೋಸ ಈಗಲೂ ಮಾಡುತ್ತೇನೆ. ಮನಸ್ಸಿದ್ದಾಗ, ಮೈಯಲ್ಲಿ ಕಸುವಿದ್ದಾಗ ಮಾಡುತ್ತೇನೆ. ಯಾರ ಮಾತಿಗೋ ಹೆದರಿ ಮಾಡುವುದಿಲ್ಲ.

ಈಗ ಅವಳಿಗೆ ರಜೆಯಿರುವ ಭಾನುವಾರಗಳಲ್ಲಿ ನಮ್ಮದೊಂದು ಕ್ರಮವಿದೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತೇನೆ. ಅವಳು ಅಲ್ಲಿ ಸ್ಕೋನ್ ಬಿಸಿ ಮಾಡುತ್ತಾಳೆ, ನಾನು ಇಲ್ಲಿ ಬನ್ನು. ಇಬ್ಬರೂ ಬಿಸ್ಮಿಲ್ಲಾಹ್ ಹೇಳಿ ಒಟ್ಟಿಗೆ ಶುರು ಮಾಡುತ್ತೇವೆ. ಕಳೆದ ವಾರ ಅವಳು ಚಹಾ ಲೋಟ ಹಿಡಿದು ಅಡುಗೆ ಕಟ್ಟೆಯ ಬಳಿ ನಿಂತೇ ಮಾತು ಆರಂಭಿಸಿದಳು.

"ಕುರ್ಚಿ ಎಳೆದುಕೋ" ಎಂದೆ. "ನಿನ್ನ ದಾದಿ ನನಗೆ ಹೇಳಿದ್ದು. ನೀನೂ ಕೂತುಕೋ."