ಕುರಿ ಮಾರಿದ ಮೇಲೆ ನಾಯಿ ಯಾರದು?

2019ರ ಬೇಸಿಗೆಯ ಒಂದು ಸಂಜೆ ನಮ್ಮ ಮನೆಯ ಹಿಂದಿನ ರೊಪ್ಪದಲ್ಲಿದ್ದ ಕುರಿಗಳೆಲ್ಲ ಲಾರಿ ಹತ್ತಿದವು. ಕುರಿ ಕಾಯುತ್ತಿದ್ದ ತಾತ ಹಣ ಎಣಿಸಿಕೊಂಡು ಸುಮ್ಮನೆ ಕಟ್ಟೆಯ ಮೇಲೆ ಕುಳಿತರು. ಅವರ ನಾಯಿ ಕರಿಯ ಲಾರಿಯ ಹಿಂದೆ ಊರಾಚೆಯವರೆಗೂ ಓಡಿ, ನಾಲಿಗೆ ಚಾಚಿಕೊಂಡು ವಾಪಸು ಬಂತು. ಮರುದಿನ ಬೆಳಿಗ್ಗೆ ಖಾಲಿ ರೊಪ್ಪದ ಬಾಗಿಲಲ್ಲಿ ನಿಂತಿತ್ತು. ಅದರ ಮರುದಿನವೂ ನಿಂತಿತ್ತು.

"ಕುರಿ ಕೊಂಡೋರು ನಾಯಿ ಬ್ಯಾಡ ಅಂದ್ರು ಮೇಷ್ಟ್ರೇ. ಬೆಂಗ್ಳೂರಲ್ಲಿ ಮಗನ ಮನೇಲಿ ನಂಗೇ ಜಾಗ ಸಾಲ್ದು. ಇದನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?" ಎಂದು ತಾತ ಕೇಳಿದರು. ನಾಲ್ಕು ದಿನ ಇಟ್ಟುಕೊಳ್ಳುತ್ತೇವೆ ಎಂದೆವು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ನಮ್ಮೂರು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಗುಳೆ, ಎರಡಕ್ಕೂ ಜೊತೆಯಾಗಿ ಕುರಿ. ಇದು ಇಲ್ಲಿನ ಹಳೆಯ ಲೆಕ್ಕ. ಸೋಲಾರ್ ಪಾರ್ಕ್ ಬಂದು ಈ ಲೆಕ್ಕ ಬದಲಾಯಿತು. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು ಮತ್ತು ನಮ್ಮೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆ ಜಮೀನು 28 ವರ್ಷಗಳ ಗುತ್ತಿಗೆಗೆ ಹೋಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪಾರ್ಕ್ ಮರುವರ್ಷ 2,050 ಮೆಗಾವಾಟ್‌ಗೆ ಮುಟ್ಟಿತು. ಇದನ್ನು ನಾವು ದೂರುತ್ತಿಲ್ಲ. ಬರಗಾಲದಲ್ಲಿ ಬೀಜದ ಸಾಲವನ್ನೂ ತೀರಿಸದ ನಮ್ಮ ಎರಡು ಎಕರೆಯನ್ನೂ ಕೊಟ್ಟಿದ್ದೇವೆ. ಆದರೆ ಗುತ್ತಿಗೆ ಹಣ ಬಂದದ್ದು ಜಮೀನಿದ್ದವರಿಗೆ. ಜಮೀನಿಲ್ಲದೆ ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರ ಪಾಲಿಗೆ ಬಂದದ್ದು ಬೇಲಿ. ಕುರಿ ಮಾರಿದರು. ಕುರಿಯ ಹಿಂದೆ ನಡೆಯುತ್ತಿದ್ದ ನಾಯಿಗಳು ಊರೊಳಗೆ ಬಂದವು. ನಿನ್ನೆಯವರೆಗೆ ತೋಳದಿಂದ ಮಂದೆ ಕಾಯುತ್ತಿದ್ದ ಪ್ರಾಣಿಯನ್ನು ನಾವು ಬೀದಿ ನಾಯಿ ಎಂದು ಕರೆಯತೊಡಗಿದೆವು.

ಕರಿಯನ ಹಿಂದೆ ಇನ್ನೆರಡು ಬಂದವು. ಯಾರೋ ಗೋಣಿಚೀಲದಲ್ಲಿ ಮರಿಗಳನ್ನು ತಂದು ಬಾಗಿಲಲ್ಲಿ ಬಿಟ್ಟು ಹೋದರು. ಆಗಲೇ ನಾವು ಗಂಡಹೆಂಡತಿ ಕುಳಿತು ಯೋಚಿಸಿದ್ದು: ಇವನ್ನೆಲ್ಲ ನಾವೇ ಸಾಕಲಾರೆವು, ಆದರೆ ಸಾಕುವವರು ಸಿಗುವ ತನಕ ಇಟ್ಟುಕೊಳ್ಳಬಹುದಲ್ಲವೇ?

ಮೊದಲ ತಕರಾರು ಮನೆಯಿಂದಲೇ ಬಂತು. ಅಮ್ಮಿಗೆ ಐದು ಹೊತ್ತಿನ ನಮಾಜು ತಪ್ಪುವುದಿಲ್ಲ. "ಅಂಗಳದಲ್ಲೆಲ್ಲ ನಾಯಿ ಜೊಲ್ಲು ಬಿದ್ದರೆ ನಾನು ಚಾಪೆ ಎಲ್ಲಿ ಹಾಸಲಿ?" ಎಂದರು. ಅವರ ಮಾತನ್ನು ನಾವು ಹಳೆಯ ಕಾಲದ್ದೆಂದು ತಳ್ಳಿಹಾಕಲಿಲ್ಲ. ನಾಯಿಯ ಜೊಲ್ಲು ಅಶುದ್ಧ, ಅದು ಬಾಯಿಟ್ಟ ಪಾತ್ರೆಯನ್ನು ಮತ್ತೆ ಮತ್ತೆ ತೊಳೆಯಬೇಕು ಎಂಬ ವಿಧಿ ಇದೆ. ಮಂದೆ, ಹೊಲ ಕಾಯಲು ನಾಯಿ ಸಾಕಬಹುದು ಎಂಬ ಅನುಮತಿಯೂ ಇದೆ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟವನ ಪಾಪಗಳನ್ನು ಅಲ್ಲಾಹನು ಕ್ಷಮಿಸಿದ ಕಥೆಯನ್ನು ಚಿಕ್ಕಂದಿನಲ್ಲಿ ನಮಗೆ ಹೇಳಿದವರೂ ಅಮ್ಮಿಯೇ. ಅದನ್ನು ನೆನಪಿಸಿದಾಗ ಅವರು ಗದರಿದರು: "ಅನ್ನ ಹಾಕಬೇಡಿ ಅಂದೆನಾ? ಮನೆಯೊಳಗೆ ಬೇಡ ಅಂದೆ."

ಆ ಮಾತೇ ನಮಗೆ ನಕ್ಷೆಯಾಯಿತು. ಖಾಲಿ ಬಿದ್ದಿದ್ದ ರೊಪ್ಪವನ್ನು ತಾತನಿಂದ ಕೇಳಿ ಪಡೆದು, ತಗಡಿನ ಮಾಡು ಹಾಕಿಸಿ, ಆರು ಗೂಡು ಮಾಡಿಸಿದೆವು. ನಾಯಿಗಳ ಪಾತ್ರೆ ಬೇರೆ, ಪೊರಕೆ ಬೇರೆ, ಅಲ್ಲಿಗೆ ಹೋಗುವಾಗ ಉಡುವ ಬಟ್ಟೆ ಬೇರೆ. ಈ ಶುಚಿತ್ವ ಅಮ್ಮಿಯ ನಮಾಜಿಗಾಗಿ ಆರಂಭವಾಯಿತು. ಅದು ನಾಯಿಗಳ ಜೀವಕ್ಕೂ ಅಷ್ಟೇ ಮುಖ್ಯವೆಂದು ತಿಳಿಯಲು ನಾವು ದುಬಾರಿ ಬೆಲೆ ತೆರಬೇಕಾಯಿತು.

ಎರಡನೆಯ ವರ್ಷ ರಸ್ತೆ ಬದಿಯಲ್ಲಿ ಸಿಕ್ಕ ಒಂದು ಮರಿಯನ್ನು ನೇರವಾಗಿ ಉಳಿದ ಐದು ಮರಿಗಳ ಜೊತೆ ಬಿಟ್ಟೆವು. ಐದಾರು ದಿನಕ್ಕೆ ಒಂದೊಂದೇ ಮರಿ ಊಟ ಬಿಟ್ಟಿತು. ವಾಂತಿ, ಆಮೇಲೆ ರಕ್ತಭೇದಿ. ಪಶುವೈದ್ಯರು ನೋಡಿದೊಡನೆ ಪಾರ್ವೊ ಎಂದರು. ಹಗಲು ರಾತ್ರಿ ಡ್ರಿಪ್ ಹಾಕಿಸಿದೆವು. ಆರರಲ್ಲಿ ನಾಲ್ಕು ಸತ್ತವು. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲ್‌ಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣವೇ ಬೇಕು ಎಂಬುದು ನಮಗೆ ತಿಳಿದದ್ದು ನಾಲ್ಕು ಗುಂಡಿ ತೋಡಿದ ಮೇಲೆ. ಅಂದಿನಿಂದ ಹೊಸದಾಗಿ ಬಂದ ಯಾವುದೇ ಮರಿಯನ್ನು ಹದಿನಾಲ್ಕು ದಿನ ದೂರದ ಗೂಡಿನಲ್ಲಿ ಒಂಟಿಯಾಗಿಡುತ್ತೇವೆ. ಒಂದೂವರೆ ತಿಂಗಳಾದರೆ ಪಾರ್ವೊ ಲಸಿಕೆ ಶುರು, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಕರುಣೆ ಇದ್ದರೆ ಸಾಕು ಎಂದುಕೊಂಡಿದ್ದ ನಮ್ಮಿಂದಲೇ ಆ ಮರಿಗಳು ಸತ್ತವು. ಇದನ್ನು ಬರೆಯದೆ ಹೋದರೆ ಉಳಿದದ್ದನ್ನು ಬರೆಯುವ ಹಕ್ಕು ನಮಗಿಲ್ಲ.

ಇನ್ನೊಂದು ಪೆಟ್ಟು ಊರಿನಿಂದ ಬಂತು. ನಮ್ಮ ನಾಯಿಯೊಂದು ಬೇಲಿಯ ಸಂದಿಯಿಂದ ಕೈ ಚಾಚಿದ ಏಳು ವರ್ಷದ ಹುಡುಗನನ್ನು ಕಚ್ಚಿತು. ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ಗಾಯ ತೊಳೆದು ಆಸ್ಪತ್ರೆಗೆ ಓಡಿದೆವು. ನಾಯಿಗೆ ಲಸಿಕೆ ಆಗಿತ್ತು. ಆದರೂ ಹುಡುಗನಿಗೆ ಒಂದು ಡೋಸೂ ತಪ್ಪದಂತೆ ಚುಚ್ಚುಮದ್ದು ಕೊಡಿಸಿದೆವು. ಹತ್ತು ದಿನ ನಾಯಿಯನ್ನು ಕಟ್ಟಿ ನೋಡಿದೆವು, ಅದಕ್ಕೇನೂ ಆಗಲಿಲ್ಲ. ಆದರೆ ಹುಡುಗನ ಅಪ್ಪ ಬಂದು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: "ನಿಮ್ ಪುಣ್ಯಕ್ಕೆ ನಮ್ ಮಕ್ಳು ಕಚ್ಚಿಸ್ಕಬೇಕಾ?"

ಅವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ರೇಬಿಸ್ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಹೀಗಿರುವಾಗ ಹೆತ್ತವರ ಭಯವನ್ನು ನಿರ್ದಯೆ ಎನ್ನುವುದು ತಪ್ಪು. ಬೇಲಿಯ ಜಾಗದಲ್ಲಿ ಎದೆಯೆತ್ತರದ ಗೋಡೆ ಕಟ್ಟಿಸಿದೆವು. ನಮ್ಮಲ್ಲಿರುವ ನಾಯಿಗಳಿಗಷ್ಟೇ ಅಲ್ಲ, ಬೀದಿಯಲ್ಲಿ ಕೈಗೆ ಸಿಗುವ ನಾಯಿಗಳಿಗೂ ವರ್ಷಕ್ಕೊಮ್ಮೆ ಲಸಿಕೆ ಹಾಕಿಸತೊಡಗಿದೆವು. ಪುಸ್ತಕದಲ್ಲಿ ಬರೆದಿಟ್ಟು ಕೇಳಿದವರಿಗೆ ತೋರಿಸುತ್ತೇವೆ. 2025ರಲ್ಲಿ ಬೀದಿ ನಾಯಿಗಳ ವಿಚಾರ ಸುಪ್ರೀಂ ಕೋರ್ಟಿನಲ್ಲಿ ನಡೆದು, ದೇಶದ ಜನ ನಾಯಿಯ ಪರ, ನಾಯಿಯ ವಿರುದ್ಧ ಎಂದು ಎರಡಾದಾಗ ನಮಗೆ ಆ ಅಪ್ಪನ ಮುಖವೇ ಕಣ್ಣೆದುರು ಬಂತು. ಅವರು ನಾಯಿಯ ವಿರೋಧಿಯಲ್ಲ. ಮುಂದಿನ ವರ್ಷ ಶೇಂಗಾ ಕಣ ಕಾಯಲು ನಮ್ಮಿಂದ ಒಂದು ನಾಯಿಯನ್ನು ಒಯ್ದವರೂ ಅವರೇ.

ದತ್ತು ಕೊಡುವುದು ಎಂದರೆ ಕೇಳಿದವರ ಕೈಗೆ ಹಗ್ಗ ಕೊಡುವುದೆಂದು ತಿಳಿದಿದ್ದೆವು. 2022ರಲ್ಲಿ ‘777 ಚಾರ್ಲಿ’ ಸಿನಿಮಾ ಬಂದಾಗ ಪಟ್ಟಣದಿಂದ ಮಕ್ಕಳು ಅಪ್ಪ ಅಮ್ಮಂದಿರನ್ನು ಎಳೆದುಕೊಂಡು ಬಂದರು. ಹಾಗೆ ಹೋದ ಒಂದು ಮರಿ ನಾಲ್ಕು ತಿಂಗಳಿಗೆ ವಾಪಸು ಬಂತು. ಸಿನಿಮಾದ ಚಾರ್ಲಿ ಲ್ಯಾಬ್ರಡಾರ್; ನಮ್ಮದು ಬೆಳೆದಂತೆ ನಾಟಿ ನಾಯಿಯೇ ಆಗಿತ್ತು. ಈಗ ನಾವು ಕೇಳುವ ಪ್ರಶ್ನೆ ಹೆಚ್ಚು. ನೀವು ಊರಿಗೆ ಹೋದರೆ ಊಟ ಯಾರು ಹಾಕುತ್ತಾರೆ? ಹಗಲೆಲ್ಲ ಸರಪಳಿಯೋ, ಓಡಾಟವೋ? ಮನೆಯ ಹಿರಿಯರ ಒಪ್ಪಿಗೆ ಇದೆಯೇ? ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತೀರಾ? ಹೆಣ್ಣು ಮರಿ ಬೇಡವೆನ್ನುವವರೇ ಹೆಚ್ಚು. ಹಾಗಾಗಿ ಹೆಣ್ಣಿಗೆ ಆ ಶಸ್ತ್ರಚಿಕಿತ್ಸೆ ಮಾಡಿಸಿಯೇ ಕೊಡುತ್ತೇವೆ. ಸಾಕಲಾಗದಿದ್ದರೆ ಬೀದಿಗೆ ಬಿಡಬೇಡಿ, ನಮಗೇ ತಂದುಕೊಡಿ ಎಂಬುದು ಕೊನೆಯ ಷರತ್ತು. ಇಷ್ಟೆಲ್ಲ ಕೇಳಿ ಎದ್ದು ಹೋಗುವವರಿದ್ದಾರೆ. ಹೋಗುವುದೇ ಒಳ್ಳೆಯದು.

ನಮಗೆ ಎಲ್ಲಕ್ಕಿಂತ ಕಷ್ಟವಾದದ್ದು ‘ಇಲ್ಲ’ ಎನ್ನುವುದನ್ನು ಕಲಿಯುವುದು. ಗೂಡು ಆರೇ. ಏಳನೆಯದನ್ನು ತಂದವರಿಗೆ, ಜಾಗ ಖಾಲಿಯಾಗುವವರೆಗೆ ನಿಮ್ಮ ಹಿತ್ತಿಲಲ್ಲೇ ಇಟ್ಟುಕೊಳ್ಳಿ, ರಾಗಿ, ಲಸಿಕೆ ನಾವು ಕೊಡುತ್ತೇವೆ ಎನ್ನುತ್ತೇವೆ. ಬೈದು ಹೋದವರೂ ಉಂಟು. ಆದರೆ ಹೀಗೆ ಹಿತ್ತಿಲಲ್ಲಿ ಇಟ್ಟುಕೊಂಡ ಮೂರು ಮನೆಗಳು ಈಗ ನಮ್ಮ ಜೊತೆಗಿವೆ. ಆರು ಗೂಡಿಗಿಂತ ಆ ಮೂರು ಹಿತ್ತಿಲುಗಳ ಮೇಲೆಯೇ ನಮ್ಮ ಭರವಸೆ ಹೆಚ್ಚು. ರಾಗಿಯ ಖರ್ಚಿಗೆ ನಮ್ಮ ಎರಡು ಎಕರೆಯ ಗುತ್ತಿಗೆ ಹಣವಿದೆ. ನಾಯಿಯ ಕೆಲಸ ಕಿತ್ತುಕೊಂಡ ಬೇಲಿಯಿಂದಲೇ ಅದರ ಊಟ ಬರುತ್ತದೆ. ಇದು ನ್ಯಾಯವೋ ಪ್ರಾಯಶ್ಚಿತ್ತವೋ, ನಮಗೆ ಹೇಳಲು ಬಾರದು.

ಕರಿಯನಿಗೆ ಮಾತ್ರ ನಾವು ಯಾರನ್ನೂ ಹುಡುಕಲಿಲ್ಲ. ಮೂತಿ ಬೆಳ್ಳಗಾಗಿದೆ. ಈಗಲೂ ಬೆಳಿಗ್ಗೆ ರೊಪ್ಪದ ಬಾಗಿಲಲ್ಲಿ ನಿಂತು, ಬಿಟ್ಟ ಮರಿಗಳು ಗೋಡೆ ದಾಟದಂತೆ ಸುತ್ತು ಹಾಕಿ ಒಳಗೆ ಅಟ್ಟುತ್ತದೆ. ತಿಂಗಳಿಗೊಮ್ಮೆ ಬೆಂಗಳೂರಿನಿಂದ ತಾತನ ಫೋನು ಬರುತ್ತದೆ. ನಮ್ಮ ಆರೋಗ್ಯ ಕೇಳುವ ಮೊದಲು "ಕರಿಯ ಉಂಡ್ತಾ?" ಎನ್ನುತ್ತಾರೆ. ಅಮ್ಮಿ ಫೋನು ಕಸಿದುಕೊಂಡು ಜೋರಾಗಿ ಹೇಳುತ್ತಾರೆ: "ಉಂಡಿದೆ ತಾತಾ, ನಾನೇ ಹಾಕಿದ್ದೀನಿ. ಬಾಗಿಲ ಹೊರಗೆ."