ಎಣ್ಣೆಯ ಕಲೆ

ಕಬಿನಿಯ ಹಿನ್ನೀರಿಗೂ ನಾಗರಹೊಳೆಯ ಕಾಡಿಗೂ ನಡುವೆ ಸಿಕ್ಕಿಕೊಂಡಂತಿರುವ ಹೆಗ್ಗಡದೇವನಕೋಟೆ ಸೀಮೆಯ ಹಳ್ಳಿಗಳಲ್ಲಿ ಅದೂ ಒಂದು. ಅಲ್ಲಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಎರಡೇ ಕೋಣೆ, ಇಬ್ಬರೇ ಉಪಾಧ್ಯಾಯರು. 2017ರ ಜೂನ್ ತಿಂಗಳ ಒಂದು ಬೆಳಿಗ್ಗೆ ಪಕ್ಕದ ಊರಿನ ಹುಡುಗಿಯೊಬ್ಬಳು ಸೈಕಲ್ಲನ್ನು ಹೊಂಗೆಯ ಮರಕ್ಕೆ ಒರಗಿಸಿ, ಸೆರಗಿಲ್ಲದ ಉಡುಪಿನಲ್ಲೂ ಸೆರಗು ಸರಿಪಡಿಸಿಕೊಳ್ಳುವವಳಂತೆ ಭುಜವನ್ನೊಮ್ಮೆ ಮುಟ್ಟಿಕೊಂಡು, ಮುಖ್ಯೋಪಾಧ್ಯಾಯರ ಮುಂದೆ ನಿಂತಳು. ಪಿ.ಯು.ಸಿ. ಮುಗಿದಿತ್ತು. ಜನ ಇಂದಿಗೂ ಡಿ.ಎಡ್. ಎಂದೇ ಕರೆಯುವ ಎರಡು ವರ್ಷದ ಶಿಕ್ಷಕ ತರಬೇತಿಗೆ ಸೇರಬೇಕೆಂಬುದು ಅವಳ ಹಂಬಲ. ಆದರೆ ಆ ವರ್ಷ ಮಳೆ ಹಿಂದಾಗಿ, ಮನೆಯಲ್ಲಿ ಕೈ ಬಿಗಿಯಾಗಿ, ತಂದೆ "ಬರುವ ವರ್ಷ ನೋಡೋಣವ್ವ" ಎಂದುಬಿಟ್ಟಿದ್ದರು. ಬರುವ ವರ್ಷದವರೆಗೆ ಮನೆಯಲ್ಲಿ ಕುಳಿತಿರುವುದೇಕೆ, ಸಂಬಳವಿಲ್ಲದಿದ್ದರೂ ಚಿಂತೆಯಿಲ್ಲ, ಒಂದನೆಯ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತೇನೆ ಎಂದಳು. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿದರು. ಸಮಿತಿಯವರನ್ನು ಒಂದು ಮಾತು ಕೇಳಿ, ಮರುದಿನವೇ ಬರಲು ಹೇಳಿದರು.

ಮರುದಿನ ಅವಳು ಸಿದ್ಧಳಾಗಿಯೇ ಬಂದಳು. ಹಾಡೊಂದನ್ನು ಬಾಯಿಪಾಠ ಮಾಡಿದ್ದಳು, ಬಣ್ಣದ ಕಾಗದದಲ್ಲಿ ಹಕ್ಕಿಗಳನ್ನು ಕತ್ತರಿಸಿ ತಂದಿದ್ದಳು. ಹತ್ತು ನಿಮಿಷದೊಳಗೆ ಹಕ್ಕಿಗಳು ಹರಿದವು, ಹಾಡು ಗದ್ದಲದಲ್ಲಿ ಮುಳುಗಿತು. ಇಬ್ಬರು ಹುಡುಗರು ಒಂದೇ ರೆಕ್ಕೆಗಾಗಿ ಜಡೆಹಿಡಿದ ಹೆಂಗಸರಂತೆ ಜಗಳಕ್ಕೆ ನಿಂತರು. "ಸುಮ್ಮನಿರಿ!" ಎಂದು ಅವಳು ಕೂಗಿದ ಕೂಗಿಗೆ ಮೂಲೆಯಲ್ಲಿದ್ದ ಪುಟ್ಟ ಹುಡುಗಿಯೊಂದು ಅಳತೊಡಗಿತು. ಮಿಸ್ ಎನ್ನಿರಿ ಎಂದು ಹೇಳಿಕೊಟ್ಟಿದ್ದರೂ ಒಬ್ಬರೂ ಹಾಗೆನ್ನಲಿಲ್ಲ. ಎಲ್ಲರಿಗೂ ಅವಳು ಅಕ್ಕನೇ. ಇದರಲ್ಲಿ ನಾಚಬೇಕಾದುದೇನೂ ಇರಲಿಲ್ಲ. ವಕೀಲಿಯನ್ನು ಬಿಟ್ಟು 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, 1920ರಲ್ಲಿ ಅಲ್ಲಿಯೇ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'ದ ಉಪಾಧ್ಯಾಯನೂ ಮೊದಲ ದಿನ ಮೌನದ ಆಟವಾಡಿಸಲು ಹೋಗಿ ಕೋಲಾಹಲವನ್ನೇ ಎಬ್ಬಿಸುತ್ತಾನೆ. ಆದರೆ ಅವನಿಗೆ ಗಿಜುಭಾಯಿಯವರ ಲೇಖನಿಯ ಬೆಂಬಲವಿತ್ತು. ಈ ಹುಡುಗಿಗಿದ್ದುದು ಆ ಕೋಣೆಯ ಟೀಚರೊಬ್ಬರು ಮಾತ್ರ.

ಅವರು ಹದಿನೆಂಟು ವರ್ಷ ಅದೇ ಕೋಣೆಯಲ್ಲಿ ಸವೆದವರು. ಅಂದು ಅವರು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ನೆಲದ ಮೇಲೆ ಕುಳಿತು, ಪಕ್ಕದ ಮಗುವಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಏನೋ ಹೇಳತೊಡಗಿದರು. ಅದೇನೆಂದು ಕೇಳುವ ಆಸೆಗೆ ಒಂದೊಂದೇ ಮಗು ಬಾಯಿ ಮುಚ್ಚಿ ಹತ್ತಿರ ಸರಿಯಿತು.

ಆ ಕೋಣೆ ನಲಿ-ಕಲಿಯ ಕೋಣೆ. ನಲಿ-ಕಲಿ ಹುಟ್ಟಿದ್ದೂ ಅದೇ ಸೀಮೆಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಬಳಿಯ ಋಷಿ ವ್ಯಾಲಿಗೆ ಹೋಗಿ, ಅಲ್ಲಿಯ ಗ್ರಾಮಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ಪಾಡಿಗೆ ತಾವು ಕಲಿಯುವುದನ್ನು ಕಂಡು ಬಂದರು. ಯುನಿಸೆಫ್ ಸಂಸ್ಥೆಯ ನೆರವಿನಿಂದ ಆ ಕ್ರಮವನ್ನು ತಮ್ಮ ನೆಲಕ್ಕೆ ಹೊಂದಿಸಿಕೊಂಡರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಸುತ್ತ ಕೂರುತ್ತಾರೆ. ಬೆಂಚಿಲ್ಲ, ಕೋಲಿಲ್ಲ. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆಟುಕುವ ಕರಿಹಲಗೆ, ತಲೆಯ ಮೇಲೆ ಮಕ್ಕಳೇ ಬರೆದ ಚಿತ್ರಗಳು ತೂಗಾಡುವ ದಾರದ ಚಪ್ಪರ. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಒಂದೊಂದಕ್ಕೆ ಒಂದೊಂದು ಕಾರ್ಡು ಇಟ್ಟು, ಎಲ್ಲವನ್ನೂ ಕಲಿಕಾ ಏಣಿಯಲ್ಲಿ ಗುರುತಿಸಲಾಗಿರುತ್ತದೆ. ಕೆಲವು ಮಕ್ಕಳಿಗೆ ಟೀಚರ ಪೂರ್ತಿ ಆಸರೆ, ಕೆಲವರಿಗೆ ಅರ್ಧ ಆಸರೆ, ಕೆಲವರಿಗೆ ಜೊತೆಗಾರರ ಆಸರೆ, ಪಳಗಿದವರಿಗೆ ಸ್ವಂತ ಕಲಿಕೆ. ಮಗು ಎಷ್ಟು ಮೆಟ್ಟಿಲು ಹತ್ತಿದೆಯೆಂಬುದನ್ನು ಪ್ರಗತಿ ನೋಟದ ಹಾಳೆಯಲ್ಲಿ ಗುರುತು ಹಾಕುತ್ತ ಹೋಗಬೇಕು.

ಅಲ್ಲಿ ಅಕ್ಷರಾಭ್ಯಾಸ ಅ, ಆ, ಇ, ಈ ಎಂದು ಆರಂಭವಾಗುವುದಿಲ್ಲ. ಮೊದಲು ಬರುವುವು ರ, ಗ, ಸ, ದ, ಅ. ಕೇಶಿರಾಜನ ವರ್ಣಕ್ರಮವನ್ನು ತಲೆಯಲ್ಲಿ ಹೊತ್ತ ಪಂಡಿತರಿಗೆ ಇದು ಅಪಚಾರವೆಂದು ತೋರೀತು. ಆದರೆ ಐದೇ ಅಕ್ಷರ ಕಲಿತ ಮಗು ಅದೇ ದಿನ ಸರ, ದರ, ಅರಸ, ಅಗಸ, ಗರಗಸ ಎಂದು ಮಾತುಗಳನ್ನೇ ಓದಿಬಿಡುತ್ತದೆ. ಅ ಆ ಇ ಈಗಳಿಂದ ಹೊರಟ ಮಗುವಿಗೆ ಐದು ಅಕ್ಷರದಲ್ಲಿ ಒಂದು ಮಾತು ಕೂಡಿಸಲೂ ಸಾಧ್ಯವಾಗದು. ಅಗಸ ಯಾರೆಂದು ಆ ತರಗತಿಯ ಒಬ್ಬರಿಗೂ ತಿಳಿಯದೆ, ಒಬ್ಬಳು "ಅಗಸೆ ಸೊಪ್ಪಿನ ಗಂಡ" ಎಂದಳೆಂಬುದು ಬೇರೆ ಮಾತು.

ತಿಂಗಳು ಕಳೆಯುತ್ತ ಹುಡುಗಿ ಎಷ್ಟೋ ಕಲಿತಳು. ಮೂಗೊರೆಸುವುದನ್ನು ಕಲಿತಳು. ಬೆಳಿಗ್ಗೆ ಮಂಕಾಗಿ ಕೂರುವ ಮಗುವನ್ನು ದಡ್ಡನೆಂದುಕೊಳ್ಳುವ ಮೊದಲು ಮನೆಯಲ್ಲಿ ಏನು ತಿಂದು ಬಂದೆಯೆಂದು ಕೇಳಬೇಕೆಂಬುದನ್ನೂ ಕಲಿತಳು. ಶಾಲೆಯ ಹಾಲು ಕುಡಿದ ಮೇಲೆ ಅದೇ ಮಗುವಿನ ಕಣ್ಣು ಬೇರೆ. ಮೂರನೆಯ ತರಗತಿಯ ಒಂದು ಹುಡುಗಿ ಕಳೆಯುವ ಲೆಕ್ಕವನ್ನು ಹುಣಸೆಬೀಜದಲ್ಲಿ ತನಗಿಂತ ಚೆನ್ನಾಗಿ ಹೇಳಿಕೊಡುವುದನ್ನು ಕಂಡು, ಮೊದಲು ಸ್ವಲ್ಪ ಅಸೂಯೆಪಟ್ಟು, ಆಮೇಲೆ ಪಕ್ಕದಲ್ಲಿ ಕುಳಿತು ನೋಡಿದಳು.

ಆದರೆ ಅವಳ ಜೀವವೆಲ್ಲ ಇದ್ದುದು ಪ್ರಗತಿ ನೋಟದ ಹಾಳೆಯಲ್ಲಿ. ಸಂಜೆ ಮಕ್ಕಳು ಹೋದ ಮೇಲೆ ಅದರ ಮುಂದೆ ನಿಂತು ಎಣಿಸುವಳು. ಇಂದು ಆರು ಗುರುತು, ನಿನ್ನೆ ನಾಲ್ಕು. ಟೀಚರು ಪೆನ್ಸಿಲ್ಲಿನಿಂದ ಹಾಕುತ್ತಿದ್ದ ಗುರುತನ್ನು ಅವಳು ನೀಲಿ ಪೆನ್ನಿನಿಂದ ಹಾಕುತ್ತಿದ್ದಳು. ಪೆನ್ನಿನ ಗುರುತು ದೂರದಿಂದಲೇ ಕಾಣುತ್ತದೆ.

ಆ ಗುರುತುಗಳಲ್ಲಿ ಅತ್ಯಂತ ಉದ್ದದ ಸಾಲು ಜೇನುಕುರುಬರ ಹಾಡಿಯಿಂದ ಬರುತ್ತಿದ್ದ ಒಬ್ಬ ಹುಡುಗನದು. ವಯಸ್ಸು ಆರು ದಾಟಿತ್ತು. ಮೊದಲ ಎರಡು ತಿಂಗಳು ಅವನು ಬಾಯನ್ನೇ ಬಿಟ್ಟಿರಲಿಲ್ಲ. ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ. ಎರಡರ ನಡುವೆ ಅವನು ಹೊಳೆ ದಾಟಲು ಕಲ್ಲು ಹುಡುಕುವವನಂತೆ ನಿಂತಿದ್ದ. ಅಂಥವನು ಆಗಸ್ಟಿನಲ್ಲೊಂದು ದಿನ ಕಾರ್ಡನ್ನು ಕೈಗೆತ್ತಿಕೊಂಡು "ಗರಗಸ" ಎಂದಾಗ ಅವಳಿಗೆ ಕಣ್ಣು ತುಂಬಿತು. ಮುಂದೆ ಅವನು ನಿಲ್ಲಲಿಲ್ಲ. ಕಾರ್ಡು ಹಿಡಿದರೆ ಮಾತು, ಮಾತಿಗೊಂದು ನೀಲಿ ಗುರುತು. ಅವಳು ಮನೆಯಲ್ಲಿ ತಂದೆಗೆ ಹೇಳಿದಳು, ದಾರಿಯಲ್ಲಿ ಸಿಕ್ಕಿದವರಿಗೆ ಹೇಳಿದಳು. ತಾನು ಉಪಾಧ್ಯಾಯಿನಿಯಾಗುವುದಕ್ಕೇ ಹುಟ್ಟಿದವಳೆಂದು ಆ ದಿನಗಳಲ್ಲಿ ಅವಳಿಗೆ ಸಂದೇಹವೇ ಉಳಿಯಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ, ಊಟದ ಅನಂತರ, ಅವಳು ಗೋಡೆಯ ಹಲಗೆಯ ಮೇಲೆ 'ಗರಗಸ' ಎಂದು ಬರೆದು ಸುಮ್ಮನೆ ಅವನನ್ನು ಕರೆದು ಓದಲು ಹೇಳಿದಳು. ಹುಡುಗ ನೋಡಿದ. ಮತ್ತೆ ನೋಡಿದ. ಹತ್ತಿರ ಹೋಗಿ, ಹಲಗೆಯ ಮೂಲೆಯಲ್ಲಿ ಏನನ್ನೋ ಹುಡುಕಿದ.

"ಓದು ಮರಿ, ನಿನಗೆ ಬರುತ್ತಲ್ಲ."

"ಇದರಲ್ಲಿ ಎಣ್ಣೆ ಕಲೆ ಇಲ್ವಲ್ಲಕ್ಕ" ಎಂದ ಹುಡುಗ.

ಅವಳಿಗೆ ಕೂಡಲೆ ಅರ್ಥವಾಗಲಿಲ್ಲ. ಕಾರ್ಡುಗಳ ಪೆಟ್ಟಿಗೆಯನ್ನು ತಂದು ಸುರಿದಳು. ಗರಗಸದ ಕಾರ್ಡಿಗೆ ಯಾರದೋ ಊಟದ ಕೈಯಿಂದ ತಗುಲಿದ ಎಣ್ಣೆಯ ಕಲೆಯಿತ್ತು. ಅರಸನ ಕಾರ್ಡಿನ ಮೂಲೆ ಹರಿದಿತ್ತು. ಸರದ ಕಾರ್ಡನ್ನು ಇಲಿ ಕಡಿದಿತ್ತು. ಪಕ್ಕದಲ್ಲಿ ಕೂತವರು ಆ ಕಾರ್ಡು ಹಿಡಿದು ಏನೆನ್ನುತ್ತಾರೆಂಬುದನ್ನು ಅವನು ಕಿವಿಗೊಟ್ಟು ಕೇಳಿ, ಕಲೆಗೊಂದು ಮಾತು, ಕಡಿತಕ್ಕೊಂದು ಮಾತು ಎಂದು ನೆನಪಿಟ್ಟುಕೊಂಡಿದ್ದ. ಕಾಡಿನಲ್ಲಿ ಯಾವ ಮರಕ್ಕೆ ಯಾವ ಗಾಯವಿದೆಯೆಂದು ನೋಡಿ ದಾರಿ ಹಿಡಿಯುವವರ ಮನೆಯ ಮಗು. ಅವನು ಮೋಸ ಮಾಡಿರಲಿಲ್ಲ. ಓದುವುದೆಂದರೆ ಇದೇ ಎಂದು ತಿಳಿದಿದ್ದ. ಹಾಗಲ್ಲವೆಂದು ತಿಳಿಸಬೇಕಾದವಳು ನೀಲಿ ಗುರುತು ಎಣಿಸುತ್ತಿದ್ದಳು.

ಆ ಸಂಜೆ ಅವಳು ಟೀಚರಿಗೆ ಹೇಳದೆ ಹೋಗಬಹುದಾಗಿತ್ತು. ಹೊಂಗೆಯ ಮರದವರೆಗೂ ಹೋಗಿ ಸೈಕಲ್ಲನ್ನು ಹಿಡಿದದ್ದೂ ಉಂಟು. ಹುಡುಗ ಡಿಸೆಂಬರಿನಲ್ಲಿ ಹೇಗೂ ಹೊರಟುಹೋಗುವವನು. ಕಾಫಿಯ ಹಣ್ಣು ಕೆಂಪಾಗುವ ಹೊತ್ತಿಗೆ ಹಾಡಿಯ ಎಷ್ಟೋ ಮನೆಗಳು ಕೊಡಗಿನ ತೋಟಗಳಿಗೆ ಕೊಯ್ಲಿಗೆ ಹೋಗುತ್ತವೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮಕ್ಕಳೂ ಜೊತೆಯಲ್ಲೇ ಹೋಗುತ್ತವೆ. ಹಳೆಯ ಕ್ರಮದ ಶಾಲೆಯಲ್ಲಾದರೆ ಹಾಗೆ ಹೋದ ಮಗು ತಿರುಗಿ ಬರುವ ಹೊತ್ತಿಗೆ ಪಾಠ ಎಲ್ಲಿಯೋ ಹೋಗಿರುತ್ತಿತ್ತು. ನಲಿ-ಕಲಿಯ ದೊಡ್ಡ ಗುಣವಿರುವುದು ಇಲ್ಲಿಯೇ: ಮೂರು ತಿಂಗಳು ಬಿಟ್ಟು ಬಂದರೂ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೊರಡಬಹುದು. ಅವಳ ಎದೆಗೆ ಮುಳ್ಳಾದುದೂ ಅದೇ. ಈ ಹುಡುಗ ತಿರುಗಿ ಬಂದು ಕಾಲಿಡುವ ಮೆಟ್ಟಿಲು ಅವನು ಎಂದೂ ಹತ್ತದ ಮೆಟ್ಟಿಲು. ಅದರ ಕೆಳಗೆ ಬರಿಯ ಗಾಳಿ.

ಅವಳು ಒಳಗೆ ಹಿಂದಿರುಗಿ ಎಲ್ಲವನ್ನೂ ಹೇಳಿದಳು. ಟೀಚರು ಬಹಳ ಹೊತ್ತು ಹಾಳೆಯನ್ನು ನೋಡಿದರು.

"ಅಳಿಸಿಬಿಡು" ಎಂದರು.

"ಪೆನ್ನಿನಲ್ಲಿ ಹಾಕಿದೀನಿ, ಮೇಡಂ."

"ಹಾಗಾದರೆ ಕೆರೆಯಬೇಕು. ನಾನೂ ನೋಡದೆ ಬಿಟ್ಟೆ ನೋಡು. ಅವನ ಎದುರಿಗೇ ಕೆರಿ, ಇಲ್ಲದಿದ್ದರೆ ಕದ್ದ ಹಾಗಾಗುತ್ತೆ."

ಮರುದಿನ ಬ್ಲೇಡಿನ ಅರ್ಧ ತುಂಡು ಹಿಡಿದು, ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಗುರುತುಗಳನ್ನು ಒಂದೊಂದಾಗಿ ಕೆರೆದಳು. ಹುಡುಗ ಉಸಿರಾಡದೆ ನೋಡುತ್ತಿದ್ದ. ಮೂರನೆಯದಕ್ಕೆ ಬಂದಾಗ, "ನಾನೇನು ಮಾಡಿದೆ ಅಕ್ಕ?" ಎಂದ.

"ನೀನೇನೂ ಮಾಡಿಲ್ಲ ಮರಿ. ನಾನು ಸುಳ್ಳು ಬರೆದಿದ್ದೆ."

ಅಕ್ಕನೂ ಸುಳ್ಳು ಬರೆಯುವುದುಂಟೆಂಬ ಸಂಗತಿಯನ್ನು ಅವನು ಹೇಗೆ ಅರಗಿಸಿಕೊಂಡನೋ ತಿಳಿಯದು. ಎರಡು ದಿನ ಅವಳ ಪಕ್ಕಕ್ಕೆ ಬರಲಿಲ್ಲ. ಹಾಳೆಯಲ್ಲಿ ಅವನ ಹೆಸರಿನ ಮುಂದೆ ಕಾಗದ ತೆಳುವಾಗಿ, ಬೆಳಕು ಬಂದರೆ ಹೊಳೆಯುತ್ತಿತ್ತು.

ಉಳಿದಿದ್ದುದು ಎರಡೂವರೆ ವಾರ. ಅವಳು ಕಾರ್ಡುಗಳನ್ನು ಕಟ್ಟಿಟ್ಟು, ಅವನ ಬಾಯಿಂದ ಮಾತು ಹೊರಡುವುದನ್ನೇ ಕಾದಳು. ಹೊರಟದ್ದು ಆನೆಯ ಮಾತು. ಬಳ್ಳೆಯ ಆನೆ ಶಿಬಿರದ ಅರ್ಜುನ ಆ ವರ್ಷವೂ ಏಳುನೂರ ಐವತ್ತು ಕಿಲೋ ತೂಕದ ಅಂಬಾರಿಯನ್ನು ಹೊತ್ತು ಬಂದಿತ್ತು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಹೊತ್ತ ಆನೆ ಅದು. ಕೊನೆಗೆ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆಯ ಕಾಡಿನಲ್ಲಿ ಸೆರೆ ಕಾರ್ಯಾಚರಣೆಯ ಸಮಯ ಕಾಡಾನೆಯೊಡನೆ ಸೆಣಸಿ ಮಡಿಯಿತು. ಹುಡುಗ ಅರ್ಜುನನ ಕಿವಿ, ದಂತ, ಸ್ನಾನ, ಮುನಿಸು ಎಲ್ಲವನ್ನೂ ಬಲ್ಲವನು. ಅವನು ಮುಗಿಸುವವರೆಗೆ ಅವಳು ಕೇಳಿದಳು. ಆಮೇಲೆ ಸ್ಲೇಟಿನಲ್ಲಿ, ಜನ ಆಡುವಂತೆ, ಕೊನೆಯ ದೀರ್ಘವನ್ನು ಬಿಟ್ಟು 'ದಸರ' ಎಂದು ಬರೆದಳು. ದ, ಸ, ರ: ಮೂರೂ ಮೊದಲ ಐದರೊಳಗಿನ ಅಕ್ಷರಗಳೇ. ಮೊದಲಿನದನ್ನು ಬೆರಳಿನಿಂದ ಮುಚ್ಚಿದರೆ ಸರ. ನಡುವಿನದನ್ನು ಮುಚ್ಚಿದರೆ ದರ. ಹುಡುಗ ಅವಳ ಬೆರಳನ್ನು ಸರಿಸಿ ತನ್ನ ಬೆರಳಿಟ್ಟ. ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ. ಅಂದು ಊಟದ ಗಂಟೆಗೂ ಏಳಲಿಲ್ಲ.

ಅವಳು ಯಾವ ಗುರುತನ್ನೂ ಹಾಕಲಿಲ್ಲ. ಸ್ಲೇಟನ್ನು ಒರೆಸಿ ಅಂಗಳದ ಮಣ್ಣಿನಲ್ಲಿ ಬರೆಸಿದಳು, ಹಲಗೆಯ ಮೇಲೆ ಓರೆಯಾಗಿ ಬರೆದು ಓದಿಸಿದಳು, ಹೊಂಗೆಯ ಎಲೆಯ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದಳು. ಡಿಸೆಂಬರಿನ ಮೊದಲ ವಾರ, ಒಂದು ಸೋಮವಾರ, ಹುಡುಗ ಬರಲಿಲ್ಲ. ಹಾಡಿಯವರು ಹಿಂದಿನ ರಾತ್ರಿಯೇ ಜೀಪು ಹತ್ತಿದ್ದರು. ಅವನ ಲೆಕ್ಕಕ್ಕೆ ಆಗ ಎರಡು ಮೆಟ್ಟಿಲು. ಎರಡನ್ನೂ ಅವಳು ಪೆನ್ಸಿಲ್ಲಿನಲ್ಲಿ ಗುರುತಿಸಿದ್ದಳು.

ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು. ಡಿ.ಎಡ್. ವಿಚಾರ ತಂದೆ ತಾವಾಗಿಯೇ ಎತ್ತಿದರೂ ಅವಳು ಮೊದಲಿನ ಹಾಗೆ ಹಿಗ್ಗಿ ಮಾತನಾಡಲಿಲ್ಲ. ಸೇರುತ್ತೇನೆ ಎಂದಳು, ಅಷ್ಟೆ.

ಮಾರ್ಚಿಯಲ್ಲಿ, ಬಿಸಿಲು ಏರುವ ಹೊತ್ತಿಗೆ, ಹುಡುಗ ಬಂದ. ಎತ್ತರವಾಗಿದ್ದ, ಮೊಣಕೈಯ ಮೇಲೆ ಗೀರುಗಳಿದ್ದವು. ಚೀಲವನ್ನು ಇನ್ನೂ ಇಳಿಸಿರಲಿಲ್ಲ, ನೇರವಾಗಿ ಅವಳ ಮುಂದೆ ಬಂದು ನಿಂತ.

"ಅಕ್ಕ, ಕೋಟೆಯ ಬಸ್‌ಸ್ಟಾಂಡಿನಲ್ಲಿ ಒಂದು ಬಸ್ಸಿತ್ತು. ಬೋರ್ಡಿನಲ್ಲಿ ಮೊದಲು ಸ ಇತ್ತು, ಆಮೇಲೆ ರ ಇತ್ತು, ಆಮೇಲೆ ಗ. ಗಕ್ಕೆ ಬಾಲ ಇತ್ತು. ಅವ್ವನಿಗೆ ಹೇಳಿದೆ, ಇದು ಸರಗ ಅನ್ನೋ ಊರಿಗೆ ಹೋಗ್ತದೆ ಅಂತ. ಅವ್ವ ನಕ್ಕಳು, ಅದು ಸರಗೂರು ಬಸ್ಸು, ನಾವು ಹತ್ತಬೇಕಾದದ್ದೇ ಅದು ಅಂದಳು."

ಅವನು ನೆಲದ ಮೇಲೆ ಕುಳಿತು, ಬೆರಳಿನಿಂದ ಧೂಳಿನಲ್ಲಿ ಗ ಬರೆದ. ಅದಕ್ಕೊಂದು ಕೊಂಕು ಬಾಲವನ್ನು ಜೋಡಿಸಿ, ಸರಿಯೋ ತಪ್ಪೋ ಎಂದು ತಲೆಯೆತ್ತಿ ನೋಡಿದ.

"ಈ ಬಾಲ ಯಾವ ಕಾರ್ಡಿನಲ್ಲಿದೆ ಅಕ್ಕ?"

ಅವಳು ಪಕ್ಕದಲ್ಲಿ ಕುಳಿತು ಸ್ಲೇಟನ್ನು ಎಳೆದುಕೊಂಡಳು.